ಯಾವ ರಾವ್? ಹೆಸರಾಂತ ರಾವ್‌ಗಳು ಮತ್ತು ಸಂಗೀತಗಾರ ರಾವ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ಶಾಲಾ ಮಕ್ಕಳಿಗೆ ಕ್ವಿಜ್ ತಯಾರಿ ಮಾಡಿಸುವವರಿಗೆ ‘ರಾವ್’ ಹೆಸರಿನ ಗೋಜಲು ಚೆನ್ನಾಗಿ ಗೊತ್ತು. ವಿಜ್ಞಾನಿ ರಾವ್, ದಿವಾನ ರಾವ್, ಗಾಯಕ ರಾವ್, ಸಿನಿಮಾ ರಾವ್. ಮಕ್ಕಳು ಒಬ್ಬರ ಸಾಧನೆಯನ್ನು ಇನ್ನೊಬ್ಬರ ಹೆಸರಿಗೆ ಬರೆದುಬಿಡುತ್ತಾರೆ. ದೊಡ್ಡವರೂ ಅಷ್ಟೇ. ಮಕ್ಕಳು, ಅವರ ಅಪ್ಪ ಅಮ್ಮಂದಿರು, ಕೋಲಾರ ಮತ್ತು ತುಮಕೂರು ಕಡೆಯ ಶಿಕ್ಷಕರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಇಷ್ಟೊಂದು ಜನ ರಾವ್‌ಗಳು ಇದ್ದಾರಲ್ಲ, ಇವರೆಲ್ಲ ಒಂದೇ ಮನೆತನದವರಾ?

ಅಲ್ಲ. ರಾವ್ ಅನ್ನುವುದು ಒಂದು ಮನೆತನದ ಹೆಸರಲ್ಲ. ರಾಜ, ರಾಯ, ರಾವ್ ಮೂರೂ ಒಂದೇ ಬೇರಿನವು. ಮೊದಲು ಅದು ಗೌರವಕ್ಕೆ ಸೇರಿಸುತ್ತಿದ್ದ ಮಾತು. ಆಮೇಲೆ ಹೆಸರಿಗೇ ಅಂಟಿಕೊಂಡಿತು. ನಮ್ಮ ಕಡೆ ಈಗಲೂ ಹಿರಿಯರನ್ನು ‘ರಾಯರೇ’ ಅಂತ ಕರೆಯುತ್ತಾರೆ ಅಲ್ವಾ, ಅದೇ ಇದು.

ಮರಾಠಿ, ಕನ್ನಡ, ತೆಲುಗು, ಕೊಂಕಣಿ ಮಾತಾಡುವ ಬೇರೆ ಬೇರೆ ಜನ ತಮ್ಮ ತಮ್ಮ ದಾರಿಯಲ್ಲಿ ಇದನ್ನು ಇಟ್ಟುಕೊಂಡರು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಈ ದಾರಿಗಳೆಲ್ಲ ಕೂಡುತ್ತವೆ. 17ನೇ ಶತಮಾನದಲ್ಲಿ ಕೋಲಾರ ಶಹಾಜಿಯ ಜಾಗೀರಿನಲ್ಲಿತ್ತು. ಶಿರಾ ಮೊಗಲರ ಸುಬಾ, ಅಂದರೆ ಪ್ರಾಂತ್ಯ ಆಯಿತು, ಮರಾಠರ ದಂಡು ಅಲ್ಲಿಗೆ ಮತ್ತೆ ಮತ್ತೆ ಬಂತು. ಇತ್ತ ಬಾಗೇಪಲ್ಲಿ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹೀಗಿರುವಾಗ ಒಂದು ಬೀದಿಯಲ್ಲಿ ನಾಲ್ಕು ಜನ ರಾವ್ ಇದ್ದರೂ ನಾಲ್ವರ ಹಿನ್ನೆಲೆ ಬೇರೆ ಇರಬಹುದು.

ಹಾಗಾದರೆ ಯಾರು ಯಾರು ಅಂತ ಗುರುತು ಹಿಡಿಯುವುದು ಹೇಗೆ?

ಹೆಸರಿನ ಕೊನೆ ನೋಡಬೇಡಿ, ಮೊದಲು ನೋಡಿ. ಹಳೇ ಮೈಸೂರು ಕಡೆಯ ಹೆಸರಿನಲ್ಲಿ ನಿಜವಾದ ವಿಳಾಸ ಇರುವುದು ಇನಿಶಿಯಲ್‌ನಲ್ಲಿ. ಸಾಮಾನ್ಯವಾಗಿ ಮೊದಲ ಅಕ್ಷರ ಊರು, ಎರಡನೆಯದು ತಂದೆಯ ಹೆಸರು. ನಾನು ಮಕ್ಕಳಿಗೆ ಹಾಕಿರುವ ನಿಯಮ ಒಂದೇ: ರಾವ್ ಅಂತ ಬರೆಯುವ ಮೊದಲು ಇನಿಶಿಯಲ್ ಬಿಡಿಸಿ ಬರೆಯಬೇಕು. ಅದನ್ನು ಮಾಡಿದರೆ ಅರ್ಧ ತಪ್ಪುಗಳು ತಾವಾಗಿಯೇ ಹೋಗುತ್ತವೆ.

ಸಿ. ಎನ್. ಆರ್. ರಾವ್ ನಮ್ಮ ಚಿಂತಾಮಣಿಯವರು ಅಂತಾರೆ. ನಿಜವಾ?

ಹೆಸರಿನಲ್ಲಿ ಚಿಂತಾಮಣಿ ಇದೆ, ಹುಟ್ಟಿದ್ದು ಬೆಂಗಳೂರಿನಲ್ಲಿ. ಪೂರ್ತಿ ಹೆಸರು ಚಿಂತಾಮಣಿ ನಾಗೇಶ ರಾಮಚಂದ್ರ ರಾವ್. ಮೊದಲ ‘ಸಿ’ ಚಿಂತಾಮಣಿ, ‘ಎನ್’ ತಂದೆ ನಾಗೇಶರಾಯರ ಹೆಸರು, ‘ಆರ್’ ಅವರದೇ ಹೆಸರು ರಾಮಚಂದ್ರ. 1934ರ ಜೂನ್ 30ರಂದು ಹುಟ್ಟಿದವರು. ಘನಸ್ಥಿತಿ ರಸಾಯನಶಾಸ್ತ್ರದಲ್ಲಿ ಜಗತ್ತಿಗೇ ಗೊತ್ತಿರುವ ಹೆಸರು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಶುರುವಾದದ್ದು ಇವರ ಮುಂದಾಳ್ತನದಲ್ಲಿ, 1989ರಲ್ಲಿ. 2014ರಲ್ಲಿ ಸಚಿನ್ ತೆಂಡೂಲ್ಕರ್ ಜೊತೆಗೆ ಭಾರತ ರತ್ನ ಪಡೆದರು.

ಚಿಂತಾಮಣಿಯ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕು. ತಮ್ಮೂರಿನ ಹೆಸರು ಭಾರತ ರತ್ನದ ಪಟ್ಟಿಯಲ್ಲಿ ಒಂದಕ್ಷರವಾಗಿ ಕೂತಿದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಪಠ್ಯದಲ್ಲಿ ‘ಸಿ. ಎನ್. ಆರ್.’ ಅಂತಷ್ಟೇ ಇದ್ದರೆ ಆ ಊರು ಕಾಣುವುದೇ ಇಲ್ಲ. ಇನಿಶಿಯಲ್ ಬಿಡಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಯು. ಆರ್. ರಾವ್, ಸಿ. ಆರ್. ರಾವ್ ಅಂತಲೂ ಇದ್ದಾರಲ್ಲ? ಅವರೂ ವಿಜ್ಞಾನಿಗಳೇ.

ಇದು ಎಲ್ಲಕ್ಕಿಂತ ಜಾಸ್ತಿ ಗೊಂದಲ ಮಾಡುವ ಜಾಗ. ಸ್ವಲ್ಪ ನಿಧಾನವಾಗಿ ಓದಿ.

ಯು. ಆರ್. ರಾವ್ ಅಂದರೆ ಉಡುಪಿ ರಾಮಚಂದ್ರ ರಾವ್. 1932ರಲ್ಲಿ ಉಡುಪಿ ಕಡೆಯ ಅದಮಾರಿನಲ್ಲಿ ಹುಟ್ಟಿದರು, 2017ರಲ್ಲಿ ತೀರಿಕೊಂಡರು. ಭಾರತದ ಮೊದಲ ಉಪಗ್ರಹ ಆರ್ಯಭಟ ಇವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು.

ಈಗ ನೋಡಿ: ಸಿ. ಎನ್. ಆರ್. ಕೂಡ ರಾಮಚಂದ್ರ ರಾವ್, ಯು. ಆರ್. ಕೂಡ ರಾಮಚಂದ್ರ ರಾವ್. ಅಷ್ಟಕ್ಕೇ ನಿಲ್ಲುವುದಿಲ್ಲ. 1984ರಿಂದ 1994ರವರೆಗೆ ಸಿ. ಎನ್. ಆರ್. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು, ಯು. ಆರ್. ಇಸ್ರೋ ಅಧ್ಯಕ್ಷರು. ಒಂದೇ ಹತ್ತು ವರ್ಷ, ಒಂದೇ ಬೆಂಗಳೂರು. ಹೀಗಾಗಿ ‘ಆ ಕಾಲದ ವಿಜ್ಞಾನಿ ರಾವ್’ ಅಂದರೆ ಯಾರು ಅಂತ ಹೇಳಲು ಆಗುವುದೇ ಇಲ್ಲ. ನೆನಪಿಡಲು ಸುಲಭ ದಾರಿ: ಉಡುಪಿಯವರು ಉಪಗ್ರಹ.

ಸಿ. ಆರ್. ರಾವ್ ಮೂರನೆಯವರು. ಇಲ್ಲಿ ‘ಸಿ’ ಚಿಂತಾಮಣಿ ಅಲ್ಲ, ಕಲ್ಯಂಪೂಡಿ. ಕಲ್ಯಂಪೂಡಿ ರಾಧಾಕೃಷ್ಣ ರಾವ್, ತೆಲುಗು ಮನೆಯವರು, ಆದರೆ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಸಂಖ್ಯಾಶಾಸ್ತ್ರ ಓದುವವರಿಗೆ ಕ್ರಾಮೆರ್–ರಾವ್ ಎಂಬ ಫಲಿತಾಂಶ ಗೊತ್ತಿರುತ್ತದೆ. ಆ ರಾವ್ ಇವರೇ. ಅದು ಬಂದ ಲೇಖನ 1945ರದು, ಆಗ ಇವರಿಗೆ ಇಪ್ಪತ್ತೈದು ವರ್ಷ. 2023ರಲ್ಲಿ, ನೂರೆರಡು ವರ್ಷ ಬದುಕಿ ಹೋದರು.

ಅರ್ಥಶಾಸ್ತ್ರದಲ್ಲಿ ಇನ್ನೊಬ್ಬರಿದ್ದಾರೆ, ವಿ. ಕೆ. ಆರ್. ವಿ. ರಾವ್. ಬೆಂಗಳೂರಿನ ಐಸೆಕ್, ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಕಟ್ಟಿದವರು. ಅವರ ನಾಲ್ಕು ಅಕ್ಷರಗಳಲ್ಲಿ ಊರೇ ಇಲ್ಲ: ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್. ಮೇಲೆ ಹೇಳಿದ ನಿಯಮಕ್ಕೆ ಇವರು ಹೊರತು.

ರಾಮಚಂದ್ರ ರಾವ್ ಅಂತ ಒಬ್ಬ ಸಂಗೀತಗಾರರೂ ಇದ್ದರಂತೆ?

ಇದ್ದರು, ಅದೂ ನಮ್ಮ ಗೌರಿಬಿದನೂರು ಕಡೆಯವರು. ಚಿಂತಲಪಲ್ಲಿ ರಾಮಚಂದ್ರ ರಾವ್, ಕರ್ನಾಟಕ ಸಂಗೀತದ ಗಾಯಕರು. ಅವರ ತಂದೆ ಚಿಂತಲಪಲ್ಲಿ ವೆಂಕಟರಾವ್ ಕೂಡ ದೊಡ್ಡ ವಿದ್ವಾಂಸರು. ಸಂಗೀತದವರು ‘ಚಿಂತಲಪಲ್ಲಿ ಪರಂಪರೆ’ ಅಂತಲೇ ಹೇಳುತ್ತಾರೆ. ಒಂದು ಸಣ್ಣ ಹಳ್ಳಿಯ ಹೆಸರು ಒಂದು ಹಾಡುಗಾರಿಕೆಯ ಹೆಸರಾಗಿ ನಿಂತಿದೆ. ಅದು ಸಣ್ಣ ಮಾತಲ್ಲ.

ನನಗೆ ಬೇಸರ ಆಗುವುದು ಇಲ್ಲಿ. ಗೌರಿಬಿದನೂರಿನಲ್ಲಿ ಹೆಚ್. ನರಸಿಂಹಯ್ಯನವರ ಹೆಸರು ಹೇಳಿದರೆ ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ಚಿಂತಲಪಲ್ಲಿಯವರ ಹೆಸರು ಹೇಳಿದರೆ ಹೈಸ್ಕೂಲ್ ಮಕ್ಕಳು ಸುಮ್ನೆ ನೋಡುತ್ತಾರೆ. ತಾಲ್ಲೂಕಿನ ಶಾಲೆಗಳಲ್ಲಿ ವರ್ಷಕ್ಕೊಂದು ಸಲವಾದರೂ ಅವರ ಹಾಡುಗಾರಿಕೆ ಕೇಳಿಸಬೇಕು ಅಂತ ನಾನು ಸಿಕ್ಕ ಸಿಕ್ಕ ಶಿಕ್ಷಕರಿಗೆಲ್ಲ ಹೇಳುತ್ತಿದ್ದೇನೆ.

ಲೆಕ್ಕಕ್ಕೆ ಇನ್ನೊಬ್ಬ ರಾಮಚಂದ್ರ ರಾವ್ ಸೇರಿಸಿಕೊಳ್ಳಿ: ಪತ್ರಕರ್ತ ಟಿ. ಎಸ್. ರಾಮಚಂದ್ರ ರಾವ್. ‘ಪ್ರಜಾವಾಣಿ’ಯ ಸಂಪಾದಕರಾಗಿದ್ದರು, ‘ಛೂಬಾಣ’ ಅಂಕಣ ಬರೆಯುತ್ತಿದ್ದರು. ರಾಜ್ಯ ಸರ್ಕಾರ ಪತ್ರಕರ್ತರಿಗೆ ಕೊಡುವ ಟಿಎಸ್ಸಾರ್ ಪ್ರಶಸ್ತಿ ಇವರ ಹೆಸರಿನದು. ಅಲ್ಲಿಗೆ ರಸಾಯನಶಾಸ್ತ್ರ, ಉಪಗ್ರಹ, ಸಂಗೀತ, ಪತ್ರಿಕೆ, ನಾಲ್ಕಕ್ಕೂ ಒಬ್ಬೊಬ್ಬ ರಾಮಚಂದ್ರ ರಾವ್.

ಚಿಂತಾಮಣಿ, ಚಿಂತಲಪಲ್ಲಿ ಎರಡೂ ಒಂದೇ ಊರಾ?

ಬೇರೆ ಬೇರೆ. ಚಿಂತಾಮಣಿ ತಾಲ್ಲೂಕು ಕೇಂದ್ರ. ಚಿಂತಲಪಲ್ಲಿ ಗೌರಿಬಿದನೂರು ತಾಲ್ಲೂಕಿನ ಹಳ್ಳಿ. ಎರಡೂ ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ.

ಹಳೆಯ ಪುಸ್ತಕಗಳಲ್ಲಿ ಇವೆಲ್ಲ ಕೋಲಾರ ಜಿಲ್ಲೆ ಅಂತಿದೆಯಲ್ಲ?

ಅದು ಸರಿಯೇ. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೂ ಮೊದಲು ಗೌರಿಬಿದನೂರು, ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ, ಶಿಡ್ಲಘಟ್ಟ ಎಲ್ಲ ಕೋಲಾರದಲ್ಲೇ ಇದ್ದವು. ಕ್ವಿಜ್‌ನಲ್ಲಿ ‘ಈಗ ಯಾವ ಜಿಲ್ಲೆ’ ಅಂತ ಕೇಳಿದರೆ ಚಿಕ್ಕಬಳ್ಳಾಪುರ ಅಂತ ಹೇಳಿ.

ಇನಿಶಿಯಲ್‌ನಲ್ಲಿರುವ ಊರೇ ಹುಟ್ಟಿದ ಊರು ಅಂತ ತಿಳಿಯಬಹುದಾ?

ಖಂಡಿತ ಬೇಡ. ಅದು ಹಿರೀಕರ ಊರು. ಹುಟ್ಟಿದ ಊರು ಎಷ್ಟೋ ಸಲ ಬೇರೆ. ನಮ್ಮ ಮೂರು ಜಿಲ್ಲೆಗಳಲ್ಲೇ ಇದಕ್ಕೆ ಒಳ್ಳೊಳ್ಳೆಯ ಉದಾಹರಣೆಗಳಿವೆ.

ಡಿ. ವಿ. ಜಿ. ಹುಟ್ಟಿದ್ದು ಮುಳಬಾಗಿಲಿನಲ್ಲಿ, 1887ರಲ್ಲಿ. ಆದರೆ ‘ಡಿ’ ದೇವನಹಳ್ಳಿ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಅದಕ್ಕೇ ‘ಎಂ’ ಅಂದರೆ ಮುದ್ದೇನಹಳ್ಳಿ ಅಂತ ಎಷ್ಟೋ ಮಕ್ಕಳು ಬರೆಯುತ್ತಾರೆ. ಅದು ಮೋಕ್ಷಗುಂಡಂ, ಆಂಧ್ರದ ಊರು, ಅವರ ಹಿರಿಯರು ಅಲ್ಲಿಂದ ಬಂದವರು. ಬಿ. ಎಂ. ಶ್ರೀ. ಹುಟ್ಟಿದ್ದು ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ಹೆಸರಿನ ‘ಬಿ’ ಮಾತ್ರ ಮಂಡ್ಯ ಕಡೆಯ ಬೆಳ್ಳೂರು.

ಇನ್ನು ನಮ್ಮ ಪಟ್ಟಿಗೆ ಬೇಕಾದ ರಾವ್ ಒಬ್ಬರಿದ್ದಾರೆ: ಅ. ನ. ಕೃಷ್ಣರಾವ್, ನಮ್ಮ ಅನಕೃ. ‘ಅ’ ಅಂದರೆ ಹಾಸನ ಜಿಲ್ಲೆಯ ಅರಕಲಗೂಡು. ಹುಟ್ಟಿದ್ದು ಕೋಲಾರದಲ್ಲಿ, 1908ರಲ್ಲಿ. ಕೋಲಾರದವರು ಇದನ್ನು ಇನ್ನೂ ಜೋರಾಗಿ ಹೇಳಿಕೊಳ್ಳಬೇಕು ಅಂತ ನನಗನ್ನಿಸುತ್ತದೆ. ಅನಕೃ ಹಾಡುಗಾರರಲ್ಲ, ಆದರೆ ಸಂಗೀತಗಾರರ ಪರ ಅವರಷ್ಟು ನಿಂತ ಕನ್ನಡದ ಲೇಖಕರು ಕಡಿಮೆ. ‘ಸಂಧ್ಯಾರಾಗ’ ಕಾದಂಬರಿಯ ನಾಯಕ ಒಬ್ಬ ಸಂಗೀತಗಾರ. ಬೆಂಗಳೂರಿನ ರಾಮೋತ್ಸವಗಳಲ್ಲಿ ಕನ್ನಡದ ಗಾಯಕರಿಗೆ ಜಾಗ ಸಿಗಬೇಕು ಅಂತ ಬೀದಿಗಿಳಿದು ಹೋರಾಡಿದವರು ಅವರು.

ಊರೂ ಇನಿಶಿಯಲ್ಲೂ ಒಂದೇ ಆಗಿರುವವರೂ ಇದ್ದಾರೆ. ಹೆಚ್. ನರಸಿಂಹಯ್ಯನವರ ‘ಹೆಚ್’ ಗೌರಿಬಿದನೂರು ತಾಲ್ಲೂಕಿನ ಹೊಸೂರು, ಅವರು ಹುಟ್ಟಿದ್ದೂ ಅಲ್ಲೇ.

ಘಂಟಸಾಲ ಕೂಡ ರಾವ್ ಅಂತೆ. ಹೆಸರಿನಲ್ಲಿ ಎಲ್ಲಿದೆ?

ಘಂಟಸಾಲ ವೆಂಕಟೇಶ್ವರ ರಾವ್. ತೆಲುಗಿನವರ ಪದ್ಧತಿ ಬೇರೆ. ಅಲ್ಲಿ ಮೊದಲು ಬರುವುದು ಇಂಟಿಪೇರು, ಅಂದರೆ ಮನೆತನದ ಹೆಸರು. ಕೊನೆಯ ರಾವ್ ಅವರವರ ಸ್ವಂತ ಹೆಸರಿನ ಭಾಗ. ನಂದಮೂರಿ ತಾರಕ ರಾಮಾರಾವ್, ಅಕ್ಕಿನೇನಿ ನಾಗೇಶ್ವರರಾವ್, ಪಾಮುಲಪರ್ತಿ ವೆಂಕಟ ನರಸಿಂಹರಾವ್, ಎಲ್ಲ ಹೀಗೆಯೇ. ಆದ್ದರಿಂದ ರಾಮಾರಾವ್ ಅವರ ಮನೆತನ ‘ರಾವ್’ ಅಂತ ಬರೆದರೆ ತಪ್ಪು. ಅವರ ಮನೆತನ ನಂದಮೂರಿ. ಕೋಲಾರ, ಚಿಕ್ಕಬಳ್ಳಾಪುರದ ತೆಲುಗು ಮನೆಗಳವರಿಗೆ ಇದು ಹೊಸದಲ್ಲ.

ತೆಲುಗು ಸಿನಿಮಾ ಸಂಗೀತದಲ್ಲಿ ರಾವ್‌ಗಳು ತುಂಬ ಜನ. ಸಾಲೂರಿ ರಾಜೇಶ್ವರ ರಾವ್ 1951ರ ‘ಮಲ್ಲೀಶ್ವರಿ’ಗೆ ರಾಗ ಹಾಕಿದವರು. ಪೆಂಡ್ಯಾಲ ನಾಗೇಶ್ವರರಾವ್ ಇನ್ನೊಬ್ಬ ದೊಡ್ಡ ಸಂಗೀತ ನಿರ್ದೇಶಕರು. ಇವರನ್ನು ನಟ ನಾಗೇಶ್ವರರಾವ್ ಜೊತೆ ಬೆರೆಸಬೇಡಿ.

ಕನ್ನಡದವರು ಮರೆಯಬಾರದ ಒಂದು ಸಂಗತಿ ಇದೆ. 1965ರ ಕನ್ನಡ ‘ಸತ್ಯ ಹರಿಶ್ಚಂದ್ರ’ ಚಿತ್ರದ ‘ಕುಲದಲ್ಲಿ ಕೀಳ್ಯಾವುದೋ’ ಹಾಡು ಕೇಳದವರು ಯಾರಿದ್ದಾರೆ? ಅದಕ್ಕೆ ಸಂಗೀತ ಪೆಂಡ್ಯಾಲ ನಾಗೇಶ್ವರರಾವ್, ದನಿ ಘಂಟಸಾಲ ವೆಂಕಟೇಶ್ವರ ರಾವ್. ನಮ್ಮ ಕಡೆಯ ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಈ ಹಾಡು ಶುರುವಾದರೆ ಜನ ಎದ್ದು ಕುಣಿಯುತ್ತಾರೆ. ತೆಲುಗಿನ ಇಬ್ಬರು ರಾವ್‌ಗಳು ಕನ್ನಡಕ್ಕೆ ಕೊಟ್ಟ ದೊಡ್ಡ ಉಡುಗೊರೆ ಅದು.

ರಾವ್ ಅಂದರೆ ಯಾವ ಜಾತಿ?

ಈ ಪ್ರಶ್ನೆ ಬಹಳ ಬರುತ್ತದೆ, ಮಕ್ಕಳಿಂದ ಬಂದಾಗ ಬೇಜಾರಾಗುತ್ತದೆ. ಉತ್ತರ: ರಾವ್ ಅಂತ ನೋಡಿ ಜಾತಿ ಹೇಳಲು ಆಗುವುದಿಲ್ಲ. ಮಾಧ್ವರಲ್ಲಿ ಇದೆ, ಕರಾವಳಿಯ ಸಾರಸ್ವತರಲ್ಲಿ ಇದೆ, ಮರಾಠರಲ್ಲಿ ಇದೆ, ತೆಲುಗಿನ ಕಮ್ಮ, ವೆಲಮ ಮನೆಗಳಲ್ಲಿ ಇದೆ, ಇನ್ನೂ ಬೇರೆಯವರಲ್ಲೂ ಇದೆ. ನಟ ರಜನೀಕಾಂತ್ ಬೆಂಗಳೂರಿನಲ್ಲಿ ಹುಟ್ಟಿದಾಗ ಇಟ್ಟ ಹೆಸರು ಶಿವಾಜಿ ರಾವ್ ಗಾಯಕ್ವಾಡ್. ಅಲ್ಲಿ ರಾವ್ ನಡುವೆ ಕೂತಿದೆ, ಮನೆತನ ಗಾಯಕ್ವಾಡ್.

ಕುದ್ಮಲ್ ರಂಗರಾವ್ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದವರು. ರಾವ್‌ಗಳ ಪಟ್ಟಿ ಓದುವ ಮಕ್ಕಳಿಗೆ ನಾನು ಇವರ ಕಥೆಯನ್ನು ಮೊದಲು ಹೇಳುತ್ತೇನೆ. ಆಮೇಲೆ ಜಾತಿಯ ಪ್ರಶ್ನೆ ತಾನಾಗಿ ಕಡಿಮೆ ಆಗುತ್ತದೆ.

ರಂಗರಾವ್ ಅಂದರೆ ಸಿನಿಮಾದವರು ಅಲ್ವಾ?

ಸಿನಿಮಾದಲ್ಲೇ ಇಬ್ಬರು. ಎಸ್. ವಿ. ರಂಗರಾವ್ ನಟ, ‘ಮಾಯಾಬಜಾರ್’ನ ಘಟೋತ್ಕಚ. ಎಂ. ರಂಗರಾವ್ ಸಂಗೀತ ನಿರ್ದೇಶಕ. ‘ಸಾಕ್ಷಾತ್ಕಾರ’, ‘ಎಡಕಲ್ಲು ಗುಡ್ಡದ ಮೇಲೆ’, ‘ಹೊಸ ಬೆಳಕು’, ‘ಬಂಧನ’ ಇವರ ಸಂಗೀತ. ನನಗೆ ಕೇಳಿದರೆ ಕನ್ನಡ ಸಿನಿಮಾ ಹಾಡುಗಳಲ್ಲಿ ಇವರ ಇಂಪು ಬೇರೆಯೇ ಮಟ್ಟದ್ದು. ಆದರೂ ಎಷ್ಟೋ ಜನ ಹಾಡು ಹೇಳುತ್ತಾರೆ, ಹೆಸರು ಕೇಳಿದರೆ ರಾಜನ್–ನಾಗೇಂದ್ರ ಅಂತಾರೆ. ಮೂರನೆಯವರು ಮೇಲೆ ಹೇಳಿದ ಕುದ್ಮಲ್ ರಂಗರಾವ್.

ಕನ್ನಡ ಸುಗಮ ಸಂಗೀತದಲ್ಲಿ ಮೊದಲು ನೆನೆಯಬೇಕಾದ ರಾವ್ ಯಾರು?

ಪಿ. ಕಾಳಿಂಗರಾವ್. ಪಾಂಡೇಶ್ವರ ಕಾಳಿಂಗರಾವ್, ಕರಾವಳಿಯ ಆರೂರಿನವರು, 1914ರಿಂದ 1981. ಕವಿತೆಗಳನ್ನು ಪುಸ್ತಕದಿಂದ ಎತ್ತಿ ಸಾವಿರಾರು ಜನರ ಮುಂದೆ ಹಾಡಿ, ಭಾವಗೀತೆ ಅನ್ನುವುದಕ್ಕೆ ವೇದಿಕೆ ಕಟ್ಟಿಕೊಟ್ಟವರು. ಮೋಹನಕುಮಾರಿ, ಸೋಹನಕುಮಾರಿ ಅವರ ಜೊತೆ ಹಾಡುತ್ತಿದ್ದರು. ಇವತ್ತು ಯಾವ ಗಣೇಶನ ಪೆಂಡಾಲಿನಲ್ಲಿ ಭಾವಗೀತೆ ಕೇಳಿದರೂ ಆ ದಾರಿ ಇವರಿಂದ ಶುರುವಾದದ್ದು.

ಹಿಂದೂಸ್ತಾನಿಯಲ್ಲಿ ಕೃಷ್ಣರಾವ್ ಅಂತ ಇಬ್ಬರು ಇದ್ದಾರಾ?

ಇದ್ದಾರೆ. ಗ್ವಾಲಿಯರ್ ಘರಾಣೆಯ, ಅಂದರೆ ಅಲ್ಲಿನ ಹಾಡುಗಾರಿಕೆ ಪರಂಪರೆಯ ಕೃಷ್ಣರಾವ್ ಶಂಕರ ಪಂಡಿತ್ ಒಬ್ಬರು. ಮರಾಠಿ ರಂಗಭೂಮಿ ಮತ್ತು ಸಿನಿಮಾದ ಮಾಸ್ಟರ್ ಕೃಷ್ಣರಾವ್ ಫುಲಂಬ್ರಿಕರ್ ಇನ್ನೊಬ್ಬರು. ಇಬ್ಬರಿಗೂ ರಾವ್ ಮನೆತನದ ಹೆಸರಲ್ಲ, ಗೌರವದ ಬಾಲ. ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ಹೆಸರೂ ಹೀಗೆಯೇ, ಮನೆತನ ಕೊನೆಗೆ.

ಕನ್ನಡದ ಮೊದಲ ಮಾತಿನ ಚಿತ್ರದಲ್ಲಿ ಎಷ್ಟು ರಾವ್‌ಗಳು?

ಮುಖ್ಯವಾದವರು ಇಬ್ಬರು. 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನ’ದ ನಿರ್ದೇಶಕ ವೈ. ವಿ. ರಾವ್, ಅಂದರೆ ಯರಗುಡಿಪಾಟಿ ವರದ ರಾವ್. ನಟಿ ಲಕ್ಷ್ಮಿ ಅವರ ತಂದೆ ಇವರು. ರಾವಣನ ಪಾತ್ರ ಮಾಡಿ, ಸಂಗೀತದ ಕೆಲಸದಲ್ಲೂ ಕೈಜೋಡಿಸಿದವರು ಆರ್. ನಾಗೇಂದ್ರರಾವ್.

ನಾಗೇಂದ್ರರಾಯರ ಮನೆ ನನ್ನ ನಿಯಮಕ್ಕೆ ಅತ್ಯುತ್ತಮ ಸಾಕ್ಷಿ. ಅವರ ‘ಆರ್’ ರಟ್ಟೀಹಳ್ಳಿ. ಮಕ್ಕಳು ಗೀತರಚನೆಕಾರ ಆರ್. ಎನ್. ಜಯಗೋಪಾಲ್, ನಟ ಆರ್. ಎನ್. ಸುದರ್ಶನ್, ಛಾಯಾಗ್ರಾಹಕ ಆರ್. ಎನ್. ಕೆ. ಪ್ರಸಾದ್. ಮೂವರೂ ರಾವ್ ಬಿಟ್ಟರು, ಆರ್. ಎನ್. ಇಟ್ಟುಕೊಂಡರು. ಊರು ಮತ್ತು ಅಪ್ಪನ ಹೆಸರು ಉಳಿದವು. ಗುಂಡೂರಾಯರ ಮನೆಯಲ್ಲಿ ಇದಕ್ಕೆ ಉಲ್ಟಾ: ಮಾಜಿ ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರ ಮಗ ದಿನೇಶ್ ಗುಂಡೂರಾವ್. ಅಪ್ಪನ ಪೂರ್ತಿ ಹೆಸರೇ ಮಗನಿಗೆ ಸರ್‌ನೇಮ್ ಆಯಿತು.

ದಿವಾನ್ ಮಾಧವರಾವ್ ಯಾರು? ಮೈಸೂರಾ, ಬರೋಡಾನಾ?

ಮೂವರು ಬೇರೆ ಬೇರೆ ಜನ. ಸರ್ ಟಿ. ಮಾಧವರಾವ್ ತಿರುವಾಂಕೂರು, ಇಂದೋರ್, ಬರೋಡಾಗಳ ದಿವಾನರು. ಮೈಸೂರಿನಲ್ಲಿ 1906ರಿಂದ 1909ರವರೆಗೆ ವಿ. ಪಿ. ಮಾಧವರಾವ್. ಅವರ ನಂತರ ಬಂದ ಟಿ. ಆನಂದರಾವ್ ಬರೋಡಾದ ಟಿ. ಮಾಧವರಾಯರ ಮಗ. ಆನಂದರಾಯರ ನಂತರ ಬಂದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ. 1941ರಿಂದ 1946ರವರೆಗೆ ಎನ್. ಮಾಧವರಾವ್ ದಿವಾನರಾಗಿದ್ದರು, ಆಮೇಲೆ ಸಂವಿಧಾನದ ಕರಡು ಸಮಿತಿಯಲ್ಲೂ ಕೂತರು.

ತುಮಕೂರಿನವರಿಗೆ ಇನ್ನೊಬ್ಬ ಮಾಧವರಾವ್ ಗೊತ್ತಿರಬೇಕು, ಪೇಶ್ವೆ. ಹೈದರಾಲಿಯ ವಿರುದ್ಧ 1767ರಲ್ಲಿ ಶಿರಾ, ಮಧುಗಿರಿ ಕಡೆ ದಂಡೆತ್ತಿ ಬಂದವನು.

ಸುಬ್ಬರಾವ್?

ತ. ರಾ. ಸು. ಅಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ಕಾದಂಬರಿಕಾರರು. ಕೋಕಾ ಸುಬ್ಬರಾವ್ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. ದುವ್ವೂರಿ ಸುಬ್ಬರಾವ್ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದವರು.

ರಾವ್, ರಾವು, ರಾಯ, ರೌ. ಹುಡುಕುವಾಗ ಯಾವುದನ್ನು ಬರೆಯಲಿ?

ಎಲ್ಲವನ್ನೂ ಬರೆದು ನೋಡಿ. ಅನಕೃ ಪುಸ್ತಕದ ಮೇಲೆ ಒಂದು ಕಡೆ ಕೃಷ್ಣರಾವ್, ಇನ್ನೊಂದು ಕಡೆ ಕೃಷ್ಣರಾಯ. ‘ಕರ್ನಾಟಕ ಗತವೈಭವ’ ಬರೆದ ಆಲೂರರು ವೆಂಕಟರಾವ್ ಕೂಡ, ವೆಂಕಟರಾಯ ಕೂಡ. ಇಂಗ್ಲಿಷ್ ಕಾಗುಣಿತದಲ್ಲಿ ಇನ್ನೂ ವ್ಯತ್ಯಾಸ. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಕೊನೆಯಲ್ಲಿ ‘ಓ’ ಬದಲು ‘ಯು’ ಬರೆಯುತ್ತಿದ್ದರು. ಭಾರತದ ಮೊದಲ ಕೇಂದ್ರ ವಿಚಕ್ಷಣ ಆಯುಕ್ತ, ನೂರು ವರ್ಷ ಬದುಕಿದ ನಿಟ್ಟೂರು ಶ್ರೀನಿವಾಸರಾವ್ ಕೂಡ ಹಾಗೆಯೇ. ಹಳೆಯ ಸರ್ಕಾರಿ ದಾಖಲೆಗಳಲ್ಲಿ ‘ಡಬ್ಲ್ಯೂ’ ಹಾಕಿದ ರಾವ್‌ಗಳೂ ಸಿಗುತ್ತಾರೆ. ಲೈಬ್ರರಿಯ ಕ್ಯಾಟಲಾಗ್‌ನಲ್ಲಿ ಒಂದು ಕಾಗುಣಿತದಲ್ಲಿ ಸಿಗದಿದ್ದರೆ ಪುಸ್ತಕವೇ ಇಲ್ಲ ಅಂದುಕೊಳ್ಳಬೇಡಿ.

ಪಟ್ಟಿಯಲ್ಲಿ ಹೆಣ್ಣುಮಕ್ಕಳು ಯಾಕಿಲ್ಲ?

ಒಳ್ಳೆಯ ಪ್ರಶ್ನೆ. ಶಿಡ್ಲಘಟ್ಟದ ಒಬ್ಬ ಹುಡುಗಿ ಇದನ್ನು ಕೇಳಿದ ಮೇಲೆ ನಾವು ಮಕ್ಕಳಿಗೆ ಕೊಡುವ ಪಟ್ಟಿಗೆ ಈ ಹೆಸರುಗಳು ಬಂದವು. ಹಿಂದೆ ನಮ್ಮ ಕಡೆ ಹೆಂಗಸರ ಹೆಸರು ಅಮ್ಮ, ಬಾಯಿ ಅಂತ ಮುಗಿಯುತ್ತಿತ್ತು, ರಾವ್ ಅಂಟಿಸುತ್ತಿರಲಿಲ್ಲ. ಹಾಗಾಗಿ ಅಣ್ಣನಿಗೆ ರಾವ್ ಇದ್ದರೂ ತಂಗಿಗೆ ಇಲ್ಲ. ಮುಂದೆ ನಗರಗಳಲ್ಲಿ ಇದು ಬದಲಾಯಿತು. ಮಾಯಾ ರಾವ್ ಕಥಕ್ ಕಲಾವಿದೆ, ಬೆಂಗಳೂರಿನವರು. ಶಂಭು ಮಹಾರಾಜರ ಹತ್ತಿರ ಕಲಿತು, ಮತ್ತೆ ಬೆಂಗಳೂರಿಗೆ ಬಂದು ಕಥಕ್ ಮತ್ತು ನೃತ್ಯ ಸಂಯೋಜನೆಗೆ ಶಾಲೆ ಕಟ್ಟಿದರು. ಮಂಗಳೂರಿನಲ್ಲಿ ಹುಟ್ಟಿದ ಶಾಂತಾ ರಾವ್ ಭರತನಾಟ್ಯದ ಜೊತೆಗೆ ಮೋಹಿನಿಯಾಟ್ಟಂ, ಕಥಕ್ಕಳಿಗಳನ್ನೂ ಕಲಿತು ಆಡಿದವರು. ಹೆಣ್ಣುಮಕ್ಕಳು ಕಥಕ್ಕಳಿ ಆಡುವುದೇ ಅಪರೂಪವಾಗಿದ್ದ ಕಾಲ ಅದು.

ತುಮಕೂರಿನ ದೊಡ್ಡ ಕಲಾವಿದ ಗುಬ್ಬಿ ವೀರಣ್ಣ ಇಲ್ಲಿ ಬರುವುದಿಲ್ಲವಾ?

ಅವರು ರಾವ್ ಅಲ್ಲ, ಆದರೂ ಬಿಡಲು ಮನಸ್ಸಿಲ್ಲ. ಅವರ ಹೆಸರಿನ ಮುಂದೆ ನಿಂತಿರುವುದೂ ಊರೇ. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಗೆ ಹುಡುಗನಾಗಿ ಸೇರಿ ಮುಂದೆ ಅದರ ಒಡೆಯರಾದರು. ರಾಜ್‌ಕುಮಾರ್, ತಿಪಟೂರಿನ ನರಸಿಂಹರಾಜು, ಜಿ. ವಿ. ಅಯ್ಯರ್ ಎಲ್ಲ ಆ ಕಂಪನಿಯಲ್ಲಿ ಪಳಗಿದವರು. ಅಲ್ಲಿ ದುಡಿದವರಿಗೆಲ್ಲ ‘ಗುಬ್ಬಿ ಕಂಪನಿಯವರು’ ಅನ್ನುವುದೇ ಗುರುತು. ಒಂದು ತಾಲ್ಲೂಕಿನ ಹೆಸರು ನೂರಾರು ಕಲಾವಿದರಿಗೆ ಮನೆತನದ ಹೆಸರಾದ ಹಾಗೆ.

ನಮ್ಮ ಮಗುವಿನ ಪಾಸ್‌ಪೋರ್ಟ್‌ಗೆ ಸರ್‌ನೇಮ್ ಕೇಳುತ್ತಾರೆ. ಏನು ಬರೆಯಲಿ?

ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಕಾಲಂ ಖಾಲಿ ಬಿಡಬಹುದು. ಆದರೆ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಕೆಲವು ದೇಶಗಳಲ್ಲಿ ತೊಡಕಾಗುತ್ತದೆ. 2022ರ ಕೊನೆಯಲ್ಲಿ ಯುಎಇ ಅಂಥವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಎಂದಿತು. ನನ್ನ ಸಲಹೆ: ಹೊಸದಾಗಿ ಒಂದು ಸರ್‌ನೇಮ್ ಹುಟ್ಟಿಸುವ ಬದಲು ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಅಮ್ಮನ ಹೆಸರನ್ನೋ ಬಿಡಿಸಿ ಹಾಕಿ. ಜನನ ಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಅದೇ ಕಾಗುಣಿತ ಇರಲಿ.

ನಮ್ಮ ತಾಲ್ಲೂಕಿನ ಒಬ್ಬರ ಹೆಸರು ಬಿಟ್ಟುಹೋಗಿದೆ. ಸೇರಿಸುತ್ತೀರಾ?

ಸೇರಿಸುತ್ತೇನೆ. ಹೆಸರು ಕೊಡುವಾಗ ಇನಿಶಿಯಲ್ ಪೂರ್ತಿ ಬಿಡಿಸಿ ಬರೆಯಿರಿ, ಹುಟ್ಟಿದ ಊರನ್ನು ಬೇರೆಯಾಗಿ ಬರೆಯಿರಿ, ಮಾಡಿದ ಕೆಲಸ ಯಾವುದು ಅಂತ ಒಂದು ಸಾಲು ಸಾಕು. ‘ದೊಡ್ಡ ವಿದ್ವಾಂಸರು’ ಅಂತಷ್ಟೇ ಬರೆದರೆ ಮಕ್ಕಳಿಗೆ ಏನೂ ಸಿಗುವುದಿಲ್ಲ. ಮುಖ್ಯವಾಗಿ ಗೌರಿಬಿದನೂರು, ಪಾವಗಡ, ಮಧುಗಿರಿ ಕಡೆಯವರು ಹಳೆಯ ಸಂಗೀತ ಕಚೇರಿಗಳ ಆಹ್ವಾನ ಪತ್ರಿಕೆ, ಧ್ವನಿಮುದ್ರಣ, ಫೋಟೋ ಏನಾದರೂ ಮನೆಯಲ್ಲಿದ್ದರೆ ಎಸೆಯಬೇಡಿ. ಹಾಡುವವರ ಹೆಸರು ಅಚ್ಚಾಗಿ ಉಳಿಯುವುದು ಬಹಳ ಸಲ ಆ ಆಹ್ವಾನ ಪತ್ರಿಕೆಯಲ್ಲೇ, ಜೊತೆಗೆ ಪಿಟೀಲು, ಮೃದಂಗ ನುಡಿಸಿದವರ ಹೆಸರೂ ಇರುತ್ತದೆ.